ಬೀಸುಕಲ್ಲಿನ ಸುತ್ತಲಿನ ಪಾಠಶಾಲೆ

ಉತ್ತರ ಅಮೆರಿಕದ ಹಲವು ಮೂಲನಿವಾಸಿ ಸಮುದಾಯಗಳಲ್ಲಿ ದುಂಡಾಗಿ ಕುಳಿತು ಮಾತನಾಡುವ ಪದ್ಧತಿಯುಂಟು. ಗರಿಯೋ ಕೋಲೋ ಕೈಯಿಂದ ಕೈಗೆ ಸಾಗುವುದು. ಅದನ್ನು ಹಿಡಿದವರು ನುಡಿಯಬೇಕು, ಉಳಿದವರು ಆಲಿಸಬೇಕು. ಅಲ್ಲಿನ ಕೆಲವು ಶಾಲೆಗಳು ಈ ಕ್ರಮವನ್ನು ತರಗತಿಗೂ ತಂದಿವೆ.

ಆಲಿಸುವ ಈ ಧರ್ಮಕ್ಕೆ ವಿಜಯಪುರ ಜಿಲ್ಲೆಯಲ್ಲಿಯೇ ಒಂದು ನಿದರ್ಶನವಿದೆ. ಆಗ ಇಂಡಿ ತಾಲ್ಲೂಕಿಗೆ ಸೇರಿದ್ದ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಮೊದಲಾದವರ ಗೆಳೆಯರ ಬಳಗವಿತ್ತು. ಮತಭೇದವನ್ನೆಣಿಸದೆ ಕೂಡಿದ ಈ ವಿದ್ಯಾವಂತ ತರುಣರು, ಅಕ್ಷರವರಿಯದ ತಾಯಂದಿರ ಮುಂದೆ ಶಿಷ್ಯರಾಗಿ ಕುಳಿತರು. ಬೀಸುಕಲ್ಲಿನ ಬಳಿ ಒಬ್ಬಳು ಎತ್ತಿಕೊಂಡ ನುಡಿಗೆ ಮತ್ತೊಬ್ಬಳು ದನಿಗೂಡಿಸುತ್ತಿದ್ದ ತ್ರಿಪದಿಗಳು 1931ರಲ್ಲಿ ‘ಗರತಿಯ ಹಾಡು’ ಎಂಬ ಸಂಕಲನವಾಗಿ ಬೆಳಕು ಕಂಡವು. ಬಿ.ಎಂ.ಶ್ರೀ., ಮಾಸ್ತಿ, ಬೇಂದ್ರೆಯವರಂಥ ಹಿರಿಯರು ಅದಕ್ಕೆ ಮುನ್ನುಡಿಗಳನ್ನು ಬರೆದರು. ಆದರೆ ಆ ಹಾಡುಗಳನ್ನು ಮೊದಲು ಕಟ್ಟಿದ ತಾಯಂದಿರ ಹೆಸರು ಯಾರಿಗೂ ತಿಳಿಯದು. ಗೆಳೆಯರು ಕಿವಿಗೊಡದಿದ್ದರೆ ಎಷ್ಟೋ ಹಾಡುಗಳೂ ಅವರೊಡನೆಯೇ ಅಳಿದುಹೋಗುತ್ತಿದ್ದವು.

ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ತರಗತಿಗಳಲ್ಲಿ ಇಂದಿಗೂ ಅಂಥ ತಾಯಂದಿರ ಮಕ್ಕಳು ಕುಳಿತಿರುತ್ತಾರೆ. ಮನೆಯ ಮಾತು ಪಠ್ಯದ ಮಾತಿನಂತಿಲ್ಲವೆಂದು ಹಿಂದಿನ ಸಾಲಿನ ಮಗು ಬಾಯಿ ತೆರೆಯಲು ಅಂಜುತ್ತದೆ. ವಾರಕ್ಕೊಮ್ಮೆಯಾದರೂ ಮಕ್ಕಳೆಲ್ಲರೂ ದುಂಡಾಗಿ ಕುಳಿತು, ಪ್ರತಿಯೊಬ್ಬರೂ ಮನೆಯಿಂದ ತಂದ ಒಂದು ಹಾಡನ್ನೋ ಸಂಗತಿಯನ್ನೋ ಹೇಳಿ ಮುಗಿಸುವವರೆಗೆ ಉಳಿದವರು ಸುಮ್ಮನಿದ್ದು ಕೇಳಿದರೆ, ಆ ಅಂಜಿಕೆ ಕರಗೀತು.

ಸತ್ಯಕ್ಕೆ ಹಲವು ಮುಖಗಳೆಂಬುದು ಅನೇಕಾಂತದ ತಿರುಳು. ಪರರ ಮಾತನ್ನು ಅರ್ಧದಲ್ಲಿ ತಡೆಯುವವನಿಗೆ ಅದರ ಒಂದೇ ಮುಖ ಕಂಡೀತು. ತಡೆಯದೆ ಕೇಳುವುದು ಅಹಿಂಸೆಯ ಮೊದಲ ಪಾಠ.