ನಲವತ್ತು ಶಿಲ್ಲಿಂಗಿನ ನಾಟಕ

1601ರ ಫೆಬ್ರವರಿ 7, ಶನಿವಾರ ಮಧ್ಯಾಹ್ನ, ಥೇಮ್ಸ್ ನದಿಯ ದಕ್ಷಿಣ ದಂಡೆಯ ಗ್ಲೋಬ್ ರಂಗಮಂದಿರದಲ್ಲಿ ಎರಡನೆಯ ರಿಚರ್ಡ್ ದೊರೆಯನ್ನು ಪಟ್ಟದಿಂದಿಳಿಸಿ ಕೊಲ್ಲುವ ನಾಟಕ ನಡೆಯಿತು. ಅದನ್ನೇ ಆಡಬೇಕೆಂದು ಕೇಳಿದವರು ಎಸ್ಸೆಕ್ಸಿನ ಅರ್ಲ್ ರಾಬರ್ಟ್ ಡೆವರೂನ ಕಡೆಯವರು. ಮರುದಿನ ಬೆಳಿಗ್ಗೆ ಅದೇ ಅರ್ಲ್ ಸುಮಾರು 300 ಜನರನ್ನು ಕಟ್ಟಿಕೊಂಡು ಲಂಡನ್ನಿನ ಬೀದಿಗಿಳಿದ. ಎಲಿಜಬೆತ್ ರಾಣಿಯ ಆಳ್ವಿಕೆಯ ಬಗ್ಗೆ ಬರೆಯುವ ಕತೆಗಾರರಿಗೆ ಇದಕ್ಕಿಂತ ಒಳ್ಳೆಯ ಗಳಿಗೆ ಸಿಗಲಾರದು: ಒಂದು ಕಡೆ ಷೇಕ್ಸ್‌ಪಿಯರ್, ಇನ್ನೊಂದು ಕಡೆ ಬಂಡಾಯ, ನಡುವೆ ಒಂದೇ ರಾತ್ರಿ. ನಾಟಕವು ಬಂಡಾಯಕ್ಕೆ ಕಿಡಿ ಹೊತ್ತಿಸಿತೆಂಬ ಮಾತು ಹೀಗೆ ಬೇರೂರಿದೆ. ಆದರೆ ದಾಖಲೆಗಳನ್ನು ಒಂದೊಂದಾಗಿ ನೋಡಿದರೆ ಕಾಣುವುದು ಬೇರೆ. ಶನಿವಾರದ ನಾಟಕಕ್ಕೂ ಭಾನುವಾರದ ದಂಗೆಗೂ ಗಂಟು ಹಾಕಿದ್ದು ರಂಗಭೂಮಿಯಲ್ಲ, ಆಮೇಲೆ ನಡೆದ ರಾಜದ್ರೋಹದ ವಿಚಾರಣೆ.

ಎಸ್ಸೆಕ್ಸ್ ಅಷ್ಟು ಹೊತ್ತಿಗೆ ಕೆಳಗೆ ಜಾರುತ್ತಿದ್ದ ಮನುಷ್ಯ. 1599ರಲ್ಲಿ ರಾಣಿ ಅವನನ್ನು ದೊಡ್ಡ ಸೈನ್ಯದೊಡನೆ ಐರ್ಲೆಂಡಿಗೆ ಕಳಿಸಿದ್ದಳು. ಅಲ್ಲಿನ ಬಂಡಾಯದ ಮುಂದಾಳು ಹ್ಯೂ ಓನೀಲನನ್ನು ಸೋಲಿಸುವ ಬದಲು ಅವನೊಡನೆ ಕದನವಿರಾಮ ಮಾಡಿಕೊಂಡ. ಅಪ್ಪಣೆಯಿಲ್ಲದೆ ಹಿಂದಿರುಗಿ ಸೆಪ್ಟೆಂಬರ್ 28ರ ಬೆಳಿಗ್ಗೆ ನಾನ್‌ಸಚ್ ಅರಮನೆಯಲ್ಲಿ ರಾಣಿಯ ಶಯನಗೃಹಕ್ಕೇ ನುಗ್ಗಿದ. ಅಧಿಕಾರ ಹೋಯಿತು, ಗೃಹಬಂಧನವಾಯಿತು. 1600ರಲ್ಲಿ ಸಿಹಿ ಮದ್ಯದ ಆಮದಿನ ಮೇಲಿನ ಸುಂಕದ ಗುತ್ತಿಗೆಯನ್ನು ರಾಣಿ ನವೀಕರಿಸಲಿಲ್ಲ. ಅವನ ಆದಾಯದ ಮುಖ್ಯ ಆಸರೆ ಅದೇ ಆಗಿತ್ತು. ರಾಬರ್ಟ್ ಸೆಸಿಲ್, ವಾಲ್ಟರ್ ರಾಲಿ ಮುಂತಾದ ವೈರಿಗಳು ರಾಣಿಯ ಕಿವಿ ಊದುತ್ತಿದ್ದಾರೆ, ಅವರನ್ನು ದೂರ ಸರಿಸಿದರೆ ಎಲ್ಲ ಸರಿಹೋಗುತ್ತದೆ ಎಂಬುದು ಅವನ ಬಳಗದ ನಂಬಿಕೆ.

ನಾಟಕದ ಬಗ್ಗೆ ನಮಗಿರುವ ಮುಖ್ಯ ಸಾಕ್ಷ್ಯ ಲಾರ್ಡ್ ಚೇಂಬರ್ಲೇನನ ಕಂಪನಿಯ ನಟ ಅಗಸ್ಟಿನ್ ಫಿಲಿಪ್ಸ್ ಫೆಬ್ರವರಿ 18ರಂದು ಪ್ರಮಾಣ ಮಾಡಿ ಕೊಟ್ಟ ಹೇಳಿಕೆ. ಸರ್ ಚಾರ್ಲ್ಸ್ ಪರ್ಸಿ, ಅವನ ತಮ್ಮ ಜಾಸ್ಲಿನ್, ಲಾರ್ಡ್ ಮಾಂಟ್‌ಈಗಲ್ ಮತ್ತಿತರರು ಒಂದೆರಡು ದಿನ ಮುಂಚೆ ಬಂದು ಈ ನಾಟಕ ಕೇಳಿದರು. ಅದು ತೀರ ಹಳೆಯದು, ಆಡಿ ಬಹಳ ದಿನವಾಗಿದೆ, ಜನ ಬರುವುದಿಲ್ಲ ಎಂದು ನಟರು ಹಿಂಜರಿದರು. ಮಾಮೂಲಿ ಗಳಿಕೆಯ ಮೇಲೆ 40 ಶಿಲ್ಲಿಂಗ್ ಕೊಡುತ್ತೇವೆಂದ ಮೇಲೆ ಒಪ್ಪಿದರು. ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು. 40 ಶಿಲ್ಲಿಂಗ್ ಎಂದರೆ 480 ಪೆನ್ನಿ. ಗ್ಲೋಬಿನ ಅಂಗಳದಲ್ಲಿ ನಿಂತು ನೋಡುವವನು ಕೊಡುತ್ತಿದ್ದುದು ಒಂದು ಪೆನ್ನಿ. ಹಳೆಯ ನಾಟಕಕ್ಕೆ ಜನ ಕಡಿಮೆ ಬಂದರೆ ಆಗುವ ನಷ್ಟವನ್ನು ತುಂಬಿಕೊಡುವ ಹಣ ಇದು. ನಟರ ಆತಂಕವೆಲ್ಲ ಗಲ್ಲಾಪೆಟ್ಟಿಗೆಯದು. ಫಿಲಿಪ್ಸ್ ತನ್ನ ಕೊರಳು ಉಳಿಸಿಕೊಳ್ಳಲು ಹಾಗೆ ಹೇಳಿರಬಹುದು ಎನ್ನಿ, ಒಪ್ಪೋಣ. ಆದರೆ ಕೇಳಿದ ಅಧಿಕಾರಿಗಳು ಅದನ್ನು ನಂಬಿದರು. ಕಂಪನಿಗೆ ದಂಡವಿಲ್ಲ, ಸೆರೆಯಿಲ್ಲ; ಅದೇ ಫೆಬ್ರವರಿ 24ರಂದು, ಎಸ್ಸೆಕ್ಸಿನ ತಲೆ ಬೀಳುವ ಹಿಂದಿನ ದಿನ, ಅದು ರಾಣಿಯೆದುರು ವೈಟ್‌ಹಾಲ್ ಅರಮನೆಯಲ್ಲಿ ನಾಟಕವಾಡಿತು. ನಾಲ್ಕೇ ವರ್ಷದ ಹಿಂದೆ, 1597ರಲ್ಲಿ, 'ಐಲ್ ಆಫ್ ಡಾಗ್ಸ್' ಎಂಬ ನಾಟಕಕ್ಕಾಗಿ ಇದೇ ಸರ್ಕಾರ ಬೆನ್ ಜಾನ್ಸನ್ನನನ್ನು ಸೆರೆಗೆ ತಳ್ಳಿತ್ತು. ರಂಗದಲ್ಲಿ ದ್ರೋಹ ಕಂಡಿದ್ದರೆ ಏನು ಮಾಡಬೇಕೆಂಬುದು ಅದಕ್ಕೆ ಚೆನ್ನಾಗಿ ಗೊತ್ತಿತ್ತು.

ಲಂಡನ್ನಿನ ಜನರನ್ನು ಕೆರಳಿಸಲೆಂದೇ ನಾಟಕ ಆಡಿಸಿದರು ಎಂಬ ವಾದ ಇನ್ನೊಂದು ಕಾರಣಕ್ಕೂ ನಿಲ್ಲುವುದಿಲ್ಲ. ನಾಟಕ ಮುಗಿಯುವವರೆಗೆ ಭಾನುವಾರದ ದಂಗೆ ಗೊತ್ತುಪಡಿಸಿದ್ದೇ ಅಲ್ಲ. ಅರಮನೆಗೆ ಹೋಗಿ ರಾಣಿಯ ಮುಂದೆ ಬಲವಂತವಾಗಿ ಅಹವಾಲು ಇಡುವ ಮಾತುಕತೆಗಳು ಬಹಳ ದಿನಗಳಿಂದ ನಡೆದಿದ್ದವು, ನಿಜ. ಆದರೆ ಶನಿವಾರ ಸಂಜೆ ರಾಣಿಯ ಆಡಳಿತ ಮಂಡಳಿ ಎಸ್ಸೆಕ್ಸನಿಗೆ ಕರೆ ಕಳಿಸಿತು, ಅವನು ಕಾಯಿಲೆಯ ನೆಪ ಹೇಳಿ ಹೋಗಲಿಲ್ಲ. ಹೋದರೆ ಬಂಧನ ಖಂಡಿತ ಎಂಬ ಭಯದಿಂದ ರಾತ್ರೋರಾತ್ರಿ ಯೋಜನೆ ಅವಸರದ್ದಾಯಿತು. ಮರುದಿನ ನಡೆದದ್ದರಲ್ಲೂ ಆ ಅವಸರ ಎದ್ದು ಕಾಣುತ್ತದೆ. ಲಂಡನ್ನಿನ ಷೆರಿಫ್ ಥಾಮಸ್ ಸ್ಮಿತ್ ನಗರದ ಪಡೆಯೊಡನೆ ನೆರವಿಗೆ ಬರುತ್ತಾನೆಂದು ಎಸ್ಸೆಕ್ಸ್ ನಂಬಿ ಅವನ ಮನೆಗೆ ಹೋದ. ಸ್ಮಿತ್ ಹಿಂಬಾಗಿಲಿನಿಂದ ಜಾರಿಕೊಂಡ. ನಗರದ ಒಬ್ಬ ವ್ಯಾಪಾರಿಯೂ ಕತ್ತಿ ಎತ್ತಲಿಲ್ಲ. ಅದೇ ರಾತ್ರಿ ಅರ್ಲ್ ಶರಣಾದ. (ಈ ಸ್ಮಿತ್ ನಮಗೂ ಸಂಬಂಧಪಟ್ಟವನು: ಅದಕ್ಕೆ ಆರು ವಾರದ ಹಿಂದಷ್ಟೇ ಸನ್ನದು ಪಡೆದ ಈಸ್ಟ್ ಇಂಡಿಯಾ ಕಂಪನಿಯ ಮೊದಲ ಗವರ್ನರ್ ಅವನೇ. ದಂಗೆಯ ಶಂಕೆಯ ಮೇಲೆ ಸೆರೆಗೂ ಹೋಗಿಬಂದ.)

ಹಾಗಿದ್ದರೆ ಬೇರೆ ಎಲ್ಲ ನಾಟಕ ಬಿಟ್ಟು ಅದನ್ನೇ ಏಕೆ ಕೇಳಿದರು ಎಂಬುದು ನ್ಯಾಯವಾದ ಪ್ರಶ್ನೆ. ಉತ್ತರ ಕೇಳಿದವರ ಹೆಸರಿನಲ್ಲೇ ಇದೆ. ಪರ್ಸಿ ಸೋದರರು ನಾರ್ಥಂಬರ್ಲೆಂಡ್ ಮನೆತನದವರು. 1399ರಲ್ಲಿ ರಿಚರ್ಡನನ್ನು ಇಳಿಸಿ ನಾಲ್ಕನೆಯ ಹೆನ್ರಿಯನ್ನು ಪಟ್ಟಕ್ಕೇರಿಸಲು ನೆರವಾದ ಅರ್ಲ್ ಅವರ ಪೂರ್ವಜ, ನಾಟಕದಲ್ಲೂ ಒಂದು ಪಾತ್ರ. ಹೊಗಳುಭಟರ ಮಾತಿಗೆ ಕಿವಿಗೊಟ್ಟು ಹಿರಿಯ ಮನೆತನಗಳ ಆಸ್ತಿ ಕಸಿಯುವ ದೊರೆ, ಅದನ್ನು ಮರಳಿ ಕೇಳಲು ಬರುವ ಸರದಾರ, ಈ ಕತೆಯಲ್ಲಿ ಅವರು ಕಂಡದ್ದು ತಮ್ಮ ನೋವನ್ನು. ಗುಂಟರ್ ಎಂಬಾತನ ಮನೆಯಲ್ಲಿ ಊಟ ಮಾಡಿ, ಹೊಳೆ ದಾಟಿ, ತಮ್ಮ ತಮ್ಮಲ್ಲೇ ಕೂಡಿ ನೋಡಲು ಹೋದವರು ಅವರು. ಎಸ್ಸೆಕ್ಸ್ ಅಲ್ಲಿರಲಿಲ್ಲ. ಅದು ಷೇಕ್ಸ್‌ಪಿಯರನ ನಾಟಕವೇ ಅಲ್ಲ, ಜಾನ್ ಹೇವರ್ಡ್ ಬರೆದ ನಾಲ್ಕನೆಯ ಹೆನ್ರಿಯ ಚರಿತ್ರೆಯನ್ನು ಆಧರಿಸಿದ ಬೇರಾವುದೋ ಆಟ ಎಂದು ವಾದಿಸಿದ ವಿದ್ವಾಂಸರಿದ್ದಾರೆ. ಆ ಪುಸ್ತಕ ಬಂದದ್ದು 1599ರಲ್ಲಿ. ಅದರ ಮೇಲೆ ಕಟ್ಟಿದ ನಾಟಕವನ್ನು ಎರಡೇ ವರ್ಷದಲ್ಲಿ ಬಹಳ ಹಳೆಯದೆಂದು ಯಾವ ನಟನೂ ಹೇಳಲಾರ. ಲಾರ್ಡ್ ಚೇಂಬರ್ಲೇನನ ಕಂಪನಿಯ ಬಳಿ 1597ರಲ್ಲೇ ಅಚ್ಚಾದ ಷೇಕ್ಸ್‌ಪಿಯರನ 'ರಿಚರ್ಡ್ ದ ಸೆಕೆಂಡ್' ಇತ್ತು. ಬೇರೊಂದನ್ನು ಊಹಿಸಿಕೊಳ್ಳುವ ಅಗತ್ಯವೇ ಬೀಳುವುದಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪಣೆ ಪಟ್ಟ ಬಿಟ್ಟುಕೊಡುವ ದೃಶ್ಯದ್ದು. ರಾಣಿ ಬದುಕಿದ್ದಾಗ ಅಚ್ಚಾದ ಮೂರೂ ಪ್ರತಿಗಳಲ್ಲಿ ಆ ದೃಶ್ಯವಿಲ್ಲ. ಅದು ಮೊದಲು ಅಚ್ಚಾದದ್ದು 1608ರಲ್ಲಿ, ಮುಂದಿನ ದೊರೆ ಜೇಮ್ಸನ ಕಾಲದಲ್ಲಿ. ಸರ್ಕಾರ ಈ ನಾಟಕಕ್ಕೆ ಹೆದರಿತ್ತೆಂಬುದಕ್ಕೆ ಇದೇ ಸಾಕ್ಷಿಯಲ್ಲವೇ? ಕತ್ತರಿ ಹಾಕಿದ್ದೇ ನಿಜವಾದರೂ ಅದು ಹೇಳುವುದು ಅಚ್ಚಿನ ಭಯವನ್ನು. ಆ ಭಯ ನಿಜಕ್ಕೂ ಇತ್ತು. ಎಸ್ಸೆಕ್ಸನಿಗೆ ಅರ್ಪಿಸಿದ್ದ ತನ್ನ ಪುಸ್ತಕಕ್ಕಾಗಿ ಹೇವರ್ಡ್ 1600ರಲ್ಲಿ ಲಂಡನ್ ಟವರಿನ ಸೆರೆ ಸೇರಿದ. 1599ರ ಜೂನಿನಲ್ಲೇ ಇಂಗ್ಲೆಂಡಿನ ಚರಿತ್ರೆಗಳನ್ನು ಆಡಳಿತ ಮಂಡಳಿಯ ಒಪ್ಪಿಗೆಯಿಲ್ಲದೆ ಅಚ್ಚು ಹಾಕಬಾರದೆಂಬ ಆಜ್ಞೆ ಹೊರಟಿತ್ತು. ಕತೆ ಒಂದೇ. ಅದನ್ನು ಬರೆದು ಅರ್ಪಿಸಿದವನು ಸೆರೆಗೆ ಹೋದ, ಆಡಿದವರು ಅರಮನೆಗೆ ಹೋದರು. ಇನ್ನು ತಾನೇ ಎರಡನೆಯ ರಿಚರ್ಡ್ ಎಂದು ರಾಣಿ 1601ರ ಆಗಸ್ಟಿನಲ್ಲಿ ದಾಖಲೆಪಾಲಕ ವಿಲಿಯಂ ಲ್ಯಾಂಬಾರ್ಡನಿಗೆ ಹೇಳಿದಳೆಂಬ ಪ್ರಸಿದ್ಧ ಮಾತು. ಅದರ ಪಾಠ ನೆಚ್ಚಬಹುದಾದದ್ದೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಜಗಳವಿದೆ. ಪೂರ್ತಿ ನಂಬಿದರೂ ಅದು ವಿಚಾರಣೆಗಳು ಮುಗಿದು ಸುಮಾರು ಐದು ತಿಂಗಳಾದ ಮೇಲಿನ ಮಾತು. ಎಸ್ಸೆಕ್ಸನನ್ನು ಹೆನ್ರಿಗೆ, ರಾಣಿಯನ್ನು ರಿಚರ್ಡನಿಗೆ ಹೋಲಿಸುವುದು ಆ ಹೊತ್ತಿಗೆ ಸರ್ಕಾರದ್ದೇ ವಾದವಾಗಿತ್ತು.

ಆ ವಾದ ಬಲಿತದ್ದು ಕಟಕಟೆಯಲ್ಲಿ. ಅರ್ಲ್ ತನ್ನ ವೈರಿಗಳನ್ನಷ್ಟೇ ಸರಿಸಲು ಹೊರಟಿದ್ದೆ ಎಂದ. ರಾಣಿಯ ಪ್ರಾಣಕ್ಕೇ ಅಪಾಯವಿತ್ತೆಂದು ತೋರಿಸಲು ಎಡ್ವರ್ಡ್ ಕೋಕ್, ಫ್ರಾನ್ಸಿಸ್ ಬೇಕನ್ ಮುಂತಾದ ಸರ್ಕಾರಿ ವಕೀಲರಿಗೆ ಒಬ್ಬ ದೊರೆಯ ಸಾವು ಬೇಕಿತ್ತು, ಅದು ಗ್ಲೋಬಿನ ಅಟ್ಟದ ಮೇಲೆ ಸಿಕ್ಕಿತು. ಅದೇ ವರ್ಷ ಬೇಕನ್ ಬರೆದ ಅಧಿಕೃತ ವರದಿಯಲ್ಲಿ ನಾಟಕ ಆಡಿಸಿದವನೆಂದು ಬರುವ ಹೆಸರು ಅರ್ಲನ ಮನೆವಾರ್ತೆ ನೋಡುತ್ತಿದ್ದ ಸರ್ ಗೆಲ್ಲಿ ಮೆರಿಕನದು. ಭಾನುವಾರ ಎಸ್ಸೆಕ್ಸಿನ ಮನೆಯನ್ನು ಕಾದುಕೊಂಡದ್ದೂ ಅವನ ಮೇಲಿನ ಆರೋಪ, ಅದು ನಿಜವೂ ಹೌದು. ಆದರೆ ನಟರ ಬಳಿ ಹೋಗಿ ಕೇಳಿದವರಲ್ಲಿ ಫಿಲಿಪ್ಸ್ ಅವನ ಹೆಸರು ಹೇಳಿಲ್ಲ. ಹೆಸರು ಹೇಳಿದ್ದ ಪರ್ಸಿ ಸೋದರರು, ಮಾಂಟ್‌ಈಗಲ್ ದಂಡ ತೆತ್ತು ಬದುಕಿಕೊಂಡರು. ಮೆರಿಕನನ್ನು 1601ರ ಮಾರ್ಚ್ 13ರಂದು ಟೈಬರ್ನಿನಲ್ಲಿ ಕೊಂದರು.