ಅಣ್ಣನ ಮೃದಂಗ

ಮೂರು ತಿಂಗಳಾಯಿತು, ನನ್ನ ಬಲಗೈಯ ಉಂಗುರ ಬೆರಳು ನನ್ನ ಮಾತು ಕೇಳುತ್ತಿಲ್ಲ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದ ಕೈ, ಅದಕ್ಕೂ ಅದರದೇ ಹಟವಿದೆ ನೋಡಿ! ಮೃದಂಗದ ಮೊದಲ ಪಾಠ ನಾಲ್ಕೇ ಅಕ್ಷರ: ತ, ಧಿ, ತೊಂ, ನಂ. ಎಡಗೈ ಬೆರಳುಗಳನ್ನು ಸೇರಿಸಿ ಮುಚ್ಚಿ ಹೊಡೆದರೆ 'ತ'. ಬಲಗಡೆ ಕಪ್ಪು ಕರಣೆಯ ನಡುವೆ ಹೊಡೆದರೆ 'ಧಿ'. ಎಡಗಡೆಯನ್ನೇ ಬಿಟ್ಟು ಹೊಡೆದರೆ 'ತೊಂ'. ಇಷ್ಟು ಹೇಗೋ ಬಂತು. 'ನಂ' ಮಾತ್ರ ಬರಲೊಲ್ಲದು. ಉಂಗುರ ಬೆರಳು ಕರಣೆಯ ಅಂಚಿನಲ್ಲಿ ಹಗುರವಾಗಿ ಕೂತಿರಬೇಕು, ತೋರು ಬೆರಳು ಹೊರಚರ್ಮಕ್ಕೆ ಬಡಿದು ಥಟ್ಟನೆ ಏಳಬೇಕು. ನಾನು ನುಡಿಸಿದರೆ ಯಾರೋ ಬಾಗಿಲು ತಟ್ಟಿದಂತಾಗುತ್ತದೆ. ಪಾಠ ಹೇಳುವವನು ನನ್ನ ಹಳೆಯ ವಿದ್ಯಾರ್ಥಿ. "ಮೇಡಂ, ಹೊಡೆಯೋದಲ್ಲ, ಕೈ ಬಿಡೋದು ಮುಖ್ಯ" ಎನ್ನುತ್ತಾನೆ. ಪಾಪ, ನಗು ತಡೆದುಕೊಂಡೇ ಹೇಳುತ್ತಾನೆ.

ಮೃದಂಗ ಅಣ್ಣನದು. ಅವನು ತೀರಿಕೊಂಡ ಮೇಲೆ ಅತ್ತಿಗೆ ಕಳಿಸಿಕೊಟ್ಟರು. ಚಿಕ್ಕಂದಿನಲ್ಲಿ ಮೇಷ್ಟ್ರು ಪಡಸಾಲೆಯಲ್ಲಿ ಅವನಿಗೆ ಹೇಳಿಕೊಡುವಾಗ ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಬಾಯಿಪಾಠ ಮಾಡುತ್ತಿದ್ದೆ. ನನ್ನ ಪಾಲಿಗೆ ಬಂದದ್ದು ಒಂದೇ ಕೆಲಸ: ಎಡಮುಖಕ್ಕೆ ಮೆತ್ತುವ ರವೆಯನ್ನು ನೀರು ಹಾಕಿ ನಾದುವುದು. ಒಮ್ಮೆ ಮನೆಯಲ್ಲಿ ಯಾರೂ ಇಲ್ಲವೆಂದು ನಾಲ್ಕು ಏಟು ಬಾರಿಸಿದೆ. ಹಿತ್ತಿಲಿನಿಂದ ಅಜ್ಜಿ ಬಂದರು. "ಹೆಣ್ಣುಮಕ್ಕಳು ಬಾರಿಸೋ ವಸ್ತುವೇನೇ ಅದು? ಹಾಡು ಕಲಿ, ಸಾಕು." ಕಲಿತೆ. ಅಲ್ಲಿಗೆ ಆ ಮಾತು ಮುಗಿಯಿತು.

ಮುಗಿಯಬೇಕಾಗಿರಲಿಲ್ಲ ಎಂದು ಈಗ ತಿಳಿಯುತ್ತಿದೆ. ಪುದುಕ್ಕೋಟೈ ಸೀಮೆಯ ತಿರುಗೋಕರ್ಣಂ ರಂಗನಾಯಕಿ ಅಮ್ಮಾಳ್ ಹುಟ್ಟಿದ್ದು 1910ರಲ್ಲಿ, ನನ್ನ ಅಜ್ಜಿಯ ಕಾಲದವರೇ. ದಕ್ಷಿಣಾಮೂರ್ತಿ ಪಿಳ್ಳೆಯವರಂಥ ಘಟಾನುಘಟಿಯಲ್ಲಿ ಕಲಿತು ಕಛೇರಿಗಳಲ್ಲಿ ಮೃದಂಗ ನುಡಿಸಿದರು. ಅದೇ ಕಾಲದ ಪಾಲ್ಘಾಟ್ ಮಣಿ ಅಯ್ಯರ್ ಬಹುಕಾಲ ಹಾಡುವ ಹೆಂಗಸರಿಗೂ ಪಕ್ಕವಾದ್ಯ ನುಡಿಸುತ್ತಿರಲಿಲ್ಲ. ಕಡೆಗೆ ಡಿ.ಕೆ. ಪಟ್ಟಮ್ಮಾಳ್ ಅವರಿಗೆ ನುಡಿಸಿದರು, ಮಗಳನ್ನು ಅವರ ಮಗನಿಗೆ ಕೊಟ್ಟು ಬೀಗರೂ ಆದರು! ನಮ್ಮ ಬೆಂಗಳೂರಿನಲ್ಲೇ ನೆಲೆಸಿರುವ ಸುಕನ್ಯಾ ರಾಮ್‌ಗೋಪಾಲ್ ಮದರಾಸಿನಲ್ಲಿ ಪಿಟೀಲು ಕಲಿಯಲು ಹೋದವರು, ಪಕ್ಕದಲ್ಲಿ ಕೇಳಿಸುತ್ತಿದ್ದ ಮೃದಂಗಕ್ಕೆ ಮನಸೋತರು. ಆಮೇಲೆ ಘಟ ಬೇಕೆಂದಾಗ, ಹೆಣ್ಣುಮಗಳ ಬೆರಳಿಗೆ ಅದು ಕಷ್ಟ ಎಂಬ ಮಾತು ಬಂತು. ಗುರು ಹರಿಹರ ಶರ್ಮಾ ಕಲಿಸಿಯೇ ಬಿಟ್ಟರು. 2014ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಅವರಿಗೆ ಬಂತು.

ಅಜ್ಜಿಗೆ ಮಡಿಯ ಚಿಂತೆಯೂ ಇತ್ತೆನ್ನಿ. ಆದರೆ ಹಲಸಿನ ಕೊಳಗದ ಎರಡೂ ಬಾಯಿಗೆ ಬಿಗಿದಿರುವುದು ಹಸು, ಆಡು, ಎಮ್ಮೆಗಳ ಚರ್ಮ. ಅದನ್ನು ಹದಮಾಡಿ ನಾದ ತರಿಸಿದವರಲ್ಲಿ ಬಹಳಷ್ಟು ಮಂದಿ ದಲಿತ ಕುಟುಂಬದವರು. ಮಣಿ ಅಯ್ಯರ್ ಅವರ ನಾದದ ಹಿಂದೆ ಪರ್ಲಾಂದು ಎಂಬ ಕುಶಲಿಯ ಕೈ ಇತ್ತು. ಟಿ.ಎಂ. ಕೃಷ್ಣ 2020ರಲ್ಲಿ ಈ ಕುಟುಂಬಗಳ ಮೇಲೆ ಒಂದು ಪುಸ್ತಕವನ್ನೇ ಬರೆದರು. ನಮ್ಮ ಮನೆಯಲ್ಲಿ ಮೃದಂಗಕ್ಕೆ ನವರಾತ್ರಿಯಲ್ಲಿ ಅರಿಶಿನ ಕುಂಕುಮ ಸಲ್ಲುತ್ತಿತ್ತು. ಬಾರು ಬಿಗಿಯಲು ಬರುತ್ತಿದ್ದವರಿಗೆ ಕಾಫಿ ಜಗಲಿಯಲ್ಲಿ, ಬೇರೆ ಲೋಟದಲ್ಲಿ.

ಅಜ್ಜಿಯನ್ನು ದೂರಲು ನನಗೇನು ಹಕ್ಕಿದೆ? ಪ್ರತಿವರ್ಷ ಮಕ್ಕಳನ್ನು ಬೇಲೂರಿಗೆ ಕರೆದೊಯ್ಯುತ್ತಿದ್ದೆ. 1117, ವಿಷ್ಣುವರ್ಧನ, ಶಾಂತಲೆ ಎಂದು ಒಪ್ಪಿಸುತ್ತಿದ್ದೆ. ಮದನಿಕೆಯರಲ್ಲಿ ತಾಳವಾದ್ಯ ನುಡಿಸುವವಳನ್ನೂ ತೋರಿಸಿ "ಎಷ್ಟು ಸೂಕ್ಷ್ಮ ಕೆತ್ತನೆ!" ಎನ್ನುತ್ತಿದ್ದೆ. ಅಂಥ ಒಂದು ಪ್ರವಾಸ ಮುಗಿಸಿ ಬಂದ ವಾರವೇ ಏಳನೇ ತರಗತಿಯ ಹುಡುಗಿಯೊಬ್ಬಳು ಶಾಲೆಯ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತೇನೆಂದು ಕೇಳಿಕೊಂಡು ಬಂದಳು. "ಅದು ಹುಡುಗರಿಗಿರಲಿ, ನೀನು ಕೋಲಾಟಕ್ಕೆ ಸೇರು" ಎಂದೆ. ಅವಳು "ಸರಿ ಮಿಸ್" ಎಂದು ಹೋದಳು. ವಾದಿಸಲೂ ಇಲ್ಲ.

ಆ ಹುಡುಗಿ ಈಗ ನಮ್ಮ ಊರಲ್ಲೇ ಇದ್ದಾಳೆ. ಹೋದ ತಿಂಗಳಿನಿಂದ ಅವಳ ಮಗಳೂ ನಾನು ಹೋಗುವ ಪಾಠಕ್ಕೇ ಬರುತ್ತಾಳೆ, ನನ್ನ ಚಾಪೆಯ ಪಕ್ಕದಲ್ಲೇ ಕೂರುತ್ತಾಳೆ. ಎಂಟು ವರ್ಷದ ಮಗು. ಅವಳ 'ನಂ' ಮೊದಲ ವಾರವೇ ಗಂಟೆಯ ಹಾಗೆ ನುಡಿಯಿತು. ತಾಯಿ ಬಾಗಿಲಲ್ಲಿ ನಿಂತು ನನಗೆ ನಮಸ್ಕಾರ ಹೇಳುತ್ತಾಳೆ. ಅವಳಿಗೆ ಆ ದಿನ ನೆನಪಿದೆಯೋ ಇಲ್ಲವೋ, ಕೇಳುವ ಧೈರ್ಯ ಇನ್ನೂ ಬಂದಿಲ್ಲ. ಮಗುವಿನ ಮೃದಂಗಕ್ಕೂ ಸೇರಿಸಿ ರವೆ ನಾನೇ ನಾದಿಕೊಂಡು ಹೋಗುತ್ತೇನೆ.