ಸಂತ ಅಪೊಲೋನಿಯಾ ಅವರ ಕೈಯಲ್ಲಿರುವ ಇಕ್ಕಳ



ಫೆಬ್ರವರಿ 9 ರಕ್ತಸಾಕ್ಷಿ ಸಂತ ಅಪೊಲೋನಿಯಾ ಅವರ ಸ್ಮರಣೆಯ ದಿನ. ಅಪೊಲಿನ್ ಎಂಬ ಹೆಸರು ನಮ್ಮ ಕರಾವಳಿಯ ಧರ್ಮಕೇಂದ್ರಗಳಿಗೆ ಹೊಸದಲ್ಲ. ಹಲ್ಲುನೋವಿನಿಂದ ನರಳುವವರಿಗೂ ದಂತವೈದ್ಯರಿಗೂ ಈ ಸಂತರೇ ಪಾಲಕರು. ಚಿತ್ರಗಳಲ್ಲಿ ಇವರನ್ನು ಗುರುತಿಸುವುದು ಸುಲಭ. ಕೈಯಲ್ಲೊಂದು ಇಕ್ಕಳ, ಅದರ ಬಾಯಲ್ಲಿ ಕಿತ್ತ ಹಲ್ಲು. ಈ ಇಕ್ಕಳ ಅವರ ಕೈಗೆ ಬಂದದ್ದು ಹೇಗೆ?

ಅವರ ಮರಣದ ಕುರಿತು ನಮಗಿರುವ ಹಳೆಯ ಆಧಾರ, ಅಲೆಕ್ಸಾಂಡ್ರಿಯಾದ ಧರ್ಮಾಧ್ಯಕ್ಷ ದಿಯೊನಿಸಿಯುಸ್ ಅವರು ಅಂತಿಯೋಕ್ಯದ ಧರ್ಮಾಧ್ಯಕ್ಷ ಫಾಬಿಯುಸ್ ಅವರಿಗೆ ಬರೆದ ಪತ್ರ. ಇತಿಹಾಸಕಾರ ಯೂಸೆಬಿಯುಸ್ ಅದನ್ನು ತಮ್ಮ ಧರ್ಮಸಭೆಯ ಇತಿಹಾಸದಲ್ಲಿ ಉಳಿಸಿಕೊಟ್ಟಿದ್ದಾರೆ. ಕ್ರಿ.ಶ. 249ರ ಸುಮಾರಿಗೆ ಅಲೆಕ್ಸಾಂಡ್ರಿಯಾದಲ್ಲಿ ಕ್ರೈಸ್ತರ ಮೇಲೆ ಜನರ ಗುಂಪು ದಂಗೆ ಎದ್ದಿತು. ವಯೋವೃದ್ಧ ಕನ್ಯೆಯಾಗಿದ್ದ ಅಪೊಲೋನಿಯಾ ಅವರನ್ನು ಹಿಡಿದು ದವಡೆಗೆ ಹೊಡೆದು ಹಲ್ಲುಗಳನ್ನೆಲ್ಲ ಉದುರಿಸಿದರು. ವಿಶ್ವಾಸವನ್ನು ತೊರೆಯದಿದ್ದರೆ ಸುಡುವೆವೆಂದು ಬೆದರಿಸಿದರು. ಆಕೆ ತಾವೇ ಬೆಂಕಿಯನ್ನು ಪ್ರವೇಶಿಸಿದರು. ಪತ್ರದಲ್ಲಿ ಇಕ್ಕಳದ ಮಾತೇ ಇಲ್ಲ. ಅದನ್ನು ಅವರ ಕೈಗಿತ್ತವರು ಶತಮಾನಗಳ ಬಳಿಕ ಬಂದ ಚಿತ್ರಕಾರರು. ಹಲ್ಲುನೋವಿನಲ್ಲಿ ಅವರ ಮೊರೆಹೋಗುತ್ತಿದ್ದ ಜನರಿಗೆ ಆ ಸಲಕರಣೆಯ ಪರಿಚಯ ಚೆನ್ನಾಗಿಯೇ ಇತ್ತು.

ಹಲ್ಲು ಕೀಳುವ ಇಕ್ಕಳ ಸಂತರಿಗಿಂತಲೂ ಹಳೆಯದು. ಗ್ರೀಸಿನ ಡೆಲ್ಫಿಯ ದೇವಾಲಯದಲ್ಲಿ ಸೀಸದ ಇಕ್ಕಳವೊಂದನ್ನು ಇರಿಸಿದ್ದರೆಂದು ಪ್ರಾಚೀನ ವೈದ್ಯಗ್ರಂಥವೊಂದು ಹೇಳುತ್ತದೆ. ಸೀಸ ಮೆತ್ತಗಿನ ಲೋಹ. ಅಂಥ ಇಕ್ಕಳಕ್ಕೆ ಬರುವಷ್ಟು ಸಡಿಲವಾದ ಹಲ್ಲನ್ನು ಮಾತ್ರ ಕೀಳಬೇಕು ಎಂಬುದೇ ಅದರ ಪಾಠ. ಒಂದನೆಯ ಶತಮಾನದ ರೋಮನ್ ಲೇಖಕ ಸೆಲ್ಸುಸ್ ಕೂಡ, ಮೊದಲು ಒಸಡನ್ನು ಬಿಡಿಸಿ, ಹಲ್ಲು ಅಲುಗಾಡುವ ತನಕ ಆಡಿಸಬೇಕು, ಗಟ್ಟಿ ಹಲ್ಲನ್ನು ಎಳೆದರೆ ಅಪಾಯ ಎಂದು ಎಚ್ಚರಿಸಿದನು.

ಕ್ರಿ.ಶ. 1000ದ ಹೊತ್ತಿಗೆ ಸ್ಪೇನಿನ ಕೊರ್ದೊಬಾದಲ್ಲಿದ್ದ ಮುಸ್ಲಿಂ ವೈದ್ಯ ಅಲ್-ಜಹ್ರಾವಿ ಇದೇ ಮಾತನ್ನು ಇನ್ನಷ್ಟು ವಿವರವಾಗಿ ಬರೆದರು. ತಮ್ಮ ಗ್ರಂಥದಲ್ಲಿ ಸಲಕರಣೆಗಳ ಚಿತ್ರಗಳನ್ನೂ ಕೊಟ್ಟರು. ನೋವಿನ ಭರದಲ್ಲಿ ರೋಗಿ ಒಳ್ಳೆಯ ಹಲ್ಲನ್ನೇ ತೋರಿಸಬಹುದು, ಆದ್ದರಿಂದ ನೋಯುವ ಹಲ್ಲು ಯಾವುದೆಂದು ಖಚಿತಪಡಿಸಿಕೊಂಡೇ ಕೈಹಾಕಬೇಕು ಎಂದರು. ಇಂದಿಗೂ ಈ ಮಾತು ಸತ್ಯ.

ಆದರೆ ಎಲ್ಲರೂ ಈ ತಾಳ್ಮೆಯನ್ನು ಪಾಲಿಸಲಿಲ್ಲ. 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯು, ಸುಡುವ ಹಾಗೂ ಕೊಯ್ಯುವ ಶಸ್ತ್ರಚಿಕಿತ್ಸೆಯನ್ನು ಯಾಜಕರು ಮಾಡಬಾರದೆಂದು ವಿಧಿಸಿತು. ಯೂರೋಪಿನಲ್ಲಿ ಹಲ್ಲು ಕೀಳುವ ಕೆಲಸ ಬಹುಮಟ್ಟಿಗೆ ಕ್ಷೌರಿಕರದೂ ಸಂತೆಯಲ್ಲಿ ತಿರುಗುವವರದೂ ಆಗಿತ್ತು. ಅವಿನ್ಯೋನಿನಲ್ಲಿ ಜಗದ್ಗುರುಗಳ ವೈದ್ಯರಾಗಿದ್ದ ಗೀ ದ ಶೋಲಿಯಾಕ್ 1363ರ ತಮ್ಮ ಗ್ರಂಥದಲ್ಲಿ ಹಲ್ಲಿನ ಚಿಕಿತ್ಸೆಯ ಬಗ್ಗೆಯೂ ಬರೆದರು. ಪೀಪಾಯಿಗೆ ಪಟ್ಟಿ ಬಿಗಿಯುವವರ ಸಲಕರಣೆಯನ್ನು ಹೋಲುವ ಒಂದು ಉಪಕರಣ ಅವರ ಹೆಸರಿನೊಂದಿಗೆ ಸೇರಿಕೊಂಡಿದೆ. ಅದರ ಕೊಕ್ಕೆ ಪಕ್ಷಿಯ ಕೊಕ್ಕಿನಂತೆ ಕಂಡದ್ದರಿಂದ ಅದಕ್ಕೆ ಪೆಲಿಕನ್ ಎಂಬ ಹೆಸರು ಬಂತು. ನಮ್ಮ ಕೊಕ್ಕರೆ ಬೆಳ್ಳೂರಿಗೆ ಬರುವ ಹೆಜ್ಜಾರ್ಲೆಯೇ ಈ ಪೆಲಿಕನ್. 18ನೇ ಶತಮಾನದಲ್ಲಿ ಬೀಗದ ಕೈಯಂತೆ ತಿರುಗಿಸುವ ಮತ್ತೊಂದು ಸಲಕರಣೆ ಬಂತು. ಕೊಕ್ಕೆಯನ್ನು ಹಲ್ಲಿಗೆ ಸಿಕ್ಕಿಸಿ, ಒಸಡಿನ ಮೇಲೆ ಭಾರ ಹಾಕಿ, ಒಮ್ಮೆಲೇ ತಿರುಗಿಸುವುದು. ಹಲ್ಲೇನೋ ಬರುತ್ತಿತ್ತು. ಎಷ್ಟೋ ಸಲ ಒಸಡು ಹರಿದು, ಹಲ್ಲು ತುಂಡಾಗಿ, ದವಡೆಯ ಮೂಳೆಯೂ ಮುರಿಯುತ್ತಿತ್ತು. ನೋವು ಮರೆಸುವ ಔಷಧವಿಲ್ಲದ ಆ ಕಾಲದಲ್ಲಿ ಬೇಗ ಮುಗಿಸುವುದೇ ದಯೆ ಎನಿಸಿಕೊಂಡಿತ್ತು.

1841ರಲ್ಲಿ ಇಂಗ್ಲೆಂಡಿನ ಜಾನ್ ಟೋಮ್ಸ್ ಪ್ರತಿಯೊಂದು ಬಗೆಯ ಹಲ್ಲಿನ ಕುತ್ತಿಗೆಗೂ ಹೊಂದುವ ಇಕ್ಕಳಗಳನ್ನು ವಿವರಿಸಿದರು. ಲಂಡನ್ನಿನ ಸಲಕರಣೆ ತಯಾರಕ ಎವ್ರಾರ್ ಅವನ್ನು ಮಾಡಿಕೊಟ್ಟರು. ಕೈಯ ಬಲಕ್ಕೆ ತಕ್ಕಂತೆ ಹಲ್ಲು ಬಗ್ಗಬೇಕೆಂಬ ಕಾಲ ಹೋಗಿ, ಹಲ್ಲಿನ ಆಕಾರಕ್ಕೆ ಸಲಕರಣೆ ಬಗ್ಗಬೇಕೆಂಬ ಕಾಲ ಬಂತು. ಮೇಲಿನ ದವಡೆ ಹಲ್ಲಿಗೆ ಸಾಮಾನ್ಯವಾಗಿ ಮೂರು ಬೇರುಗಳು: ಕೆನ್ನೆಯ ಕಡೆ ಎರಡು, ಅಂಗುಳದ ಕಡೆ ಒಂದು. ಕೆನ್ನೆಯ ಕಡೆಯ ಎರಡು ಬೇರುಗಳ ಸಂದಿನಲ್ಲಿ ಕೂರಲು ಇಕ್ಕಳದ ಒಂದು ತುದಿಗೆ ಮೊನೆ ಇರುತ್ತದೆ. ಆದ್ದರಿಂದ ಮೇಲಿನ ದವಡೆಯ ಬಲಕ್ಕೆ ಒಂದು ಇಕ್ಕಳ, ಎಡಕ್ಕೆ ಇನ್ನೊಂದು. 1844ರಲ್ಲಿ ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ ನೈಟ್ರಸ್ ಆಕ್ಸೈಡ್ ಅನಿಲವನ್ನು ಸೇವಿಸಿ ತಮ್ಮದೇ ಹಲ್ಲನ್ನು ಕೀಳಿಸಿಕೊಂಡರು. 1846ರಲ್ಲಿ ವಿಲಿಯಂ ಮಾರ್ಟನ್ ಈಥರ್ ಬಳಸಿದರು. ನೋವು ತಗ್ಗಿದ ಮೇಲೆ ಅವಸರಕ್ಕೆ ಕಾರಣ ಉಳಿಯಲಿಲ್ಲ.

ಇಂದಿನ ದಂತವೈದ್ಯರು ಇಂಜೆಕ್ಷನ್ ಕೊಟ್ಟು, ಎಲಿವೇಟರ್ ಎಂಬ ಸಣ್ಣ ಸನ್ನೆಕೋಲಿನಿಂದ ಹಲ್ಲನ್ನು ಮೆಲ್ಲಗೆ ಸಡಿಲಿಸಿ, ಬಳಿಕ ಇಕ್ಕಳ ಹಿಡಿಯುತ್ತಾರೆ. ಕೊಟ್ಟಿಗೆಯ ಗೂಟವನ್ನು ಕೀಳುವವರು ಅದನ್ನು ಅತ್ತಿತ್ತ ಆಡಿಸುವಂತೆ, ಅವರೂ ಹಲ್ಲನ್ನು ಆಡಿಸಿ ಕುಳಿಯನ್ನು ಅಗಲಿಸುತ್ತಾರೆ. ಸೀಸದ ಇಕ್ಕಳದ ಪಾಠ ಕೊನೆಗೂ ರೂಢಿಗೆ ಬಂದಿದೆ.

ಬಾಂಧವರೇ, ಅಪೊಲೋನಿಯಾ ಅವರ ಹಲ್ಲುಗಳನ್ನು ಉದುರಿಸಿದ್ದು ದ್ವೇಷದ ಕೈ. ಆದರೆ ನೊಂದ ಜನರು ಅವರ ಕೈಗೆ ಕೊಟ್ಟದ್ದು ನೋವು ನೀಗುವ ಸಲಕರಣೆ. ಕಬ್ಬಿಣ ತಾನಾಗಿ ಕ್ರೂರವೂ ಅಲ್ಲ, ಕರುಣೆಯೂ ಅಲ್ಲ. ಅದನ್ನು ಹಿಡಿಯುವ ಕೈಯಲ್ಲಿ ಅರಿವೂ ತಾಳ್ಮೆಯೂ ಇರಬೇಕು. ವೈದ್ಯರನ್ನು ಗೌರವಿಸಬೇಕೆಂದು ಸಿರಾಖನ ಗ್ರಂಥದ 38ನೇ ಅಧ್ಯಾಯ ನಮಗೆ ಕಲಿಸುತ್ತದೆ. ಹೀಗಿರುವಾಗ, ಹಟ ಮಾಡುವ ಮಕ್ಕಳನ್ನು ‘ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಹಲ್ಲು ಕೀಳಿಸುತ್ತೇನೆ’ ಎಂದು ಹೆದರಿಸುವುದನ್ನು ನಾವು ಬಿಡೋಣ. ಆ ಭಯದಿಂದಲೇ ಎಷ್ಟೋ ಮಂದಿ ದೊಡ್ಡವರಾದ ಮೇಲೂ ನೋವನ್ನು ನುಂಗಿಕೊಂಡು, ಉಳಿಸಬಹುದಾಗಿದ್ದ ಹಲ್ಲನ್ನು ಕಳೆದುಕೊಳ್ಳುತ್ತಾರೆ. ಸಂತರ ಪ್ರಾರ್ಥನೆಯನ್ನು ಬೇಡೋಣ, ಸಮಯಕ್ಕೆ ಸರಿಯಾಗಿ ವೈದ್ಯರ ಬಳಿಗೂ ಹೋಗೋಣ.